ರೋಗಿಯ ಮಗ್ಗುಲಲ್ಲಿ ಕುಳಿತವರು

ಧರ್ಮಸಭೆಯ ಇತಿಹಾಸವನ್ನು ಬರೆಯುವಾಗ ನಾವು ಸಾಮಾನ್ಯವಾಗಿ ದೇವಾಲಯಗಳ ಅಸ್ತಿಭಾರ, ಗುರುವರ್ಯರ ಆಗಮನ, ಗಂಟೆಗೋಪುರಗಳ ನಿರ್ಮಾಣ ಇವುಗಳನ್ನೇ ಸ್ಮರಿಸುತ್ತೇವೆ. ವಾಸಿಯಾಗದ ರೋಗಿಯ ಮಗ್ಗುಲಲ್ಲಿ ವರ್ಷಗಟ್ಟಲೆ ಕುಳಿತವರ ಇತಿಹಾಸವೂ ಇದೇ ಧರ್ಮಸಭೆಯದು. ಆಲಮೇಲ, ಸಿಂದಗಿ ಸೀಮೆಯ ನಮಗೆ ಮಂಗಳೂರು ದೂರದ ಊರು. ಆದರೂ ಆ ಇತಿಹಾಸದ ಒಂದು ಉಜ್ವಲ ಅಧ್ಯಾಯವನ್ನು ಓದಲು ನಾವು ಅಲ್ಲಿಯ ಕಂಕನಾಡಿಗೇ ಹೋಗಬೇಕಾಗಿದೆ.

1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಗುರುಗಳಲ್ಲಿ ಜರ್ಮನಿಯ ವಂದನೀಯ ಅಗಸ್ಟಸ್ ಮುಲ್ಲರ್ ಒಬ್ಬರು. 1880ರಲ್ಲಿ ಆಲದ ಮರದ ನೆರಳಿನಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲಾರಂಭಿಸಿದ ಅವರು, 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಮವೊಂದನ್ನು ತೆರೆದರು. ಹಾನ್ಸೆನ್ ಎಂಬ ನಾರ್ವೆಯ ವೈದ್ಯನು 1873ರಲ್ಲಿಯೇ ರೋಗಾಣುವನ್ನು ಕಂಡುಹಿಡಿದಿದ್ದನಾದರೂ, ಆ ರೋಗವನ್ನು ನೀಗುವ ಮದ್ದು ಆಗ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ. ಆದುದರಿಂದ ಆ ಕಾಲದ ಇಂತಹ ಆಶ್ರಮಗಳಲ್ಲಿ ರೋಗಿಗೆ ನಿಜವಾಗಿ ಕೊಡಬಹುದಾಗಿದ್ದುದು ಅನ್ನ, ಸೂರು, ಹುಣ್ಣಿಗೆ ಪಟ್ಟಿ ಮತ್ತು ಹೆಸರು ಹಿಡಿದು ಕರೆಯುವ ಒಂದು ದನಿ. ಮುಲ್ಲರ್ ಗುರುಗಳು 1910ರಲ್ಲಿ ದೈವಾಧೀನರಾದರು, ಬಾಗಿಲು ಮುಚ್ಚಲಿಲ್ಲ.

ಮೊಲೊಕಾಯ್ ದ್ವೀಪದ ಸಂತ ಡೇಮಿಯನ್ನರು ತಮಗೆ ಆ ರೋಗ ಅಂಟುವುದಕ್ಕೆ ಬಹು ಮುಂಚೆಯೇ ಪ್ರಬೋಧನೆಯಲ್ಲಿ ತಮ್ಮನ್ನೂ ರೋಗಿಗಳೊಡನೆ ಸೇರಿಸಿಕೊಂಡು 'ನಾವು' ಎನ್ನುತ್ತಿದ್ದರು. ರೋಗಿಯ ಮನಸ್ಸನ್ನು ಬಲ್ಲವರ ಮಾತು ಅದು. ಹೊರಗಿನ ಕೋಣೆಯಲ್ಲಿ ಹೊರಸು ಹಾಕಿಸಿಕೊಂಡು ಮಲಗಿದವನಿಗೆ, ಮನೆಯವರು ತನ್ನೆದುರಿಗೇ ತನ್ನನ್ನು 'ಅವನು' ಎಂದು ಆಡಿಕೊಳ್ಳುವುದು ಹುಣ್ಣಿಗಿಂತ ಹೆಚ್ಚು ನೋಯುತ್ತದೆ.

ಕಾನೂನೂ ಬಹುಕಾಲ ಅದೇ ಧಾಟಿಯಲ್ಲಿತ್ತು. ನಿರ್ಗತಿಕ ಕುಷ್ಠರೋಗಿಗಳನ್ನು ಬೇರ್ಪಡಿಸಿಡುವ 1898ರ ಕಾಯಿದೆ ರದ್ದಾದುದು 2016ರಲ್ಲಿ. ರೋಗವನ್ನು ವಿಚ್ಛೇದನಕ್ಕೆ ಕಾರಣವಾಗಿ ಒಪ್ಪುವ ವಿಧಿಯು ಕ್ರೈಸ್ತರ ವಿವಾಹ ವಿಚ್ಛೇದನ ಕಾಯಿದೆಯಲ್ಲಿಯೂ ಇತ್ತು. 2019ರಲ್ಲಿ ಅದನ್ನು ತೆಗೆಯಲಾಯಿತು. ಸುಖದಲ್ಲಿಯೂ ದುಃಖದಲ್ಲಿಯೂ, ಆರೋಗ್ಯದಲ್ಲಿಯೂ ವ್ಯಾಧಿಯಲ್ಲಿಯೂ ಎಂದು ಪೀಠದ ಮುಂದೆ ಮಾತು ಕೊಟ್ಟ ನಮಗೆ ಈ ವಿಧಿ ನಾಚಿಕೆ ತರಬೇಕಾಗಿತ್ತು.

1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಬಹು ಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಇಂದು ಆರು ತಿಂಗಳು ಅಥವಾ ಒಂದು ವರ್ಷದ ಗುಳಿಗೆಗಳಿಂದ ರೋಗ ನೀಗುತ್ತದೆ. ಆದರೆ ಬಹುಕಾಲ ಸತ್ತ ನರ ಮರಳಿ ಜೀವ ತಳೆಯದು. ಒಲೆಯ ಕೆಂಡ ತಗುಲಿದರೂ ತಿಳಿಯದ ಆ ಪಾದವನ್ನು ದಿನವೂ ನೀರಿನಲ್ಲಿ ನೆನೆಸಿ, ಎಣ್ಣೆ ಸವರಿ, ಗಾಯವಿದೆಯೇ ಎಂದು ನೋಡಬೇಕು. ಸಿಹಿಮೂತ್ರ ರೋಗಿಯ ಪಾದವನ್ನೂ ಹೀಗೆಯೇ ದಿನವೂ ನೋಡಬೇಕು. ಪಾರ್ಶ್ವವಾಯು ಬಡಿದವರ ಮನೆಯಲ್ಲಿ ಆರೈಕೆಗೆ ಬಿಡುವೇ ಇಲ್ಲ.

ಇಂತಹ ಆರೈಕೆ ಮಾಡುವಾಕೆಯ ಮನಸ್ಸನ್ನು ಕುರಿತು ನಾವು ಮಾತನಾಡುವುದು ಕಡಿಮೆ. ಮೊದಲ ತಿಂಗಳಿನ ಮರುಕ ಮೂರನೆಯ ವರ್ಷಕ್ಕೆ ದಣಿವಾಗುತ್ತದೆ. ನಿದ್ದೆಗೆಟ್ಟ ಒಂದು ರಾತ್ರಿ, ಇದು ಬೇಗ ಮುಗಿಯಬಾರದೇ ಎಂಬ ಯೋಚನೆ ಸುಳಿದು, ಮರುಕ್ಷಣವೇ ಅಪರಾಧ ಭಾವವಾಗಿ ಚುಚ್ಚುತ್ತದೆ. ಪಾಪನಿವೇದನೆಗೂ ಅದನ್ನೇ ತರುವವರುಂಟು. ಅದು ದ್ವೇಷವಲ್ಲ, ಬಳಲಿಕೆ ಎಂದೇ ನಮ್ಮ ತಿಳುವಳಿಕೆ. ಬಳಲಿದವಳಿಗೆ ಬೇಕಾದುದು ಉಪದೇಶವಲ್ಲ, ಎರಡು ಗಂಟೆಯ ಬಿಡುವು.

ಮನೆಗೆ ಪರಮಪ್ರಸಾದ ಬಂದಾಗ ರೋಗಿಯ ಹೊರಸಿನ ಬಳಿ ಮೇಣದ ಬತ್ತಿ ಹಚ್ಚಿಟ್ಟು ಬಾಗಿಲ ಮರೆಯಲ್ಲಿ ನಿಲ್ಲುವವಳು ಅವಳೇ. ಭಾನುವಾರದ ಬಲಿಪೂಜೆಯಲ್ಲಿ ಅವಳ ಜಾಗ ಎಷ್ಟು ದಿನದಿಂದ ಖಾಲಿಯಿದೆ ಎಂಬುದು ಪಕ್ಕದಲ್ಲಿ ಕೂರುವ ನಮಗೆ ಗೊತ್ತಿದೆ. ಅವಳು ಬಂದು ಹೋಗುವವರೆಗೆ ಆ ಹೊರಸಿನ ಬಳಿ ನಮ್ಮಲ್ಲೊಬ್ಬರು ಕುಳಿತಿರಬಹುದು.