ದಂಡದ ಹಣ, ವಿದ್ಯೆಯ ಹಣ

ವಾರ್ಷಿಕೋತ್ಸವ ಹತ್ತಿರ ಬಂತೆಂದರೆ ನಮ್ಮ ಕಾರ್ಯಕಾರಿ ಸಮಿತಿಯಲ್ಲಿ ಸಾಹಿತ್ಯ ಸಂಗೀತಗಳಿಗಿಂತ ಮೊದಲು ಏಳುವ ಪ್ರಶ್ನೆ ಹಣದ್ದು. ಸಭಾಂಗಣದ ಬಾಡಿಗೆ, ಊಟದ ಖರ್ಚು, ಮಕ್ಕಳ ಕನ್ನಡ ತರಗತಿಯ ಪುಸ್ತಕಗಳು, ಇವೆಲ್ಲಕ್ಕೂ ಸದಸ್ಯರ ಚಂದಾ ಸಾಲದು. ಇಂಥದೊಂದು ಸಭೆಯಲ್ಲಿ ಯುವ ಸದಸ್ಯರೊಬ್ಬರು, "ಪೊಲೀಸ್ ಇಲಾಖೆಗಳು ಸ್ಥಳೀಯ ಸಂಘಗಳಿಗೆ ನೆರವು ಕೊಡುವುದುಂಟಂತೆ, ನಾವೂ ಯಾಕೆ ಕೇಳಬಾರದು?" ಎಂದರು. ಹಿರಿಯರೊಬ್ಬರು ನಕ್ಕು, "ಊರಲ್ಲಿ ಪೊಲೀಸರಿಗೆ ಕೊಟ್ಟು ಗೊತ್ತೇ ಹೊರತು ಅವರಿಂದ ಇಸಿದುಕೊಂಡು ಗೊತ್ತಿಲ್ಲಪ್ಪ!" ಎಂದರು. ನಗು ಮುಗಿದ ಮೇಲೆ ಒಂದು ಗಂಭೀರ ಪ್ರಶ್ನೆ ಉಳಿಯಿತು. ಆ ಹಣ ಎಲ್ಲಿಂದ ಬರುತ್ತದೆ? ನ್ಯಾಯವಾಗಿ ಅದು ಯಾರದು?

ಈ ಪ್ರಶ್ನೆ ಕನ್ನಡಿಗರಿಗೆ ಹೊಸದೇನಲ್ಲ. ನಮ್ಮ ನಾಡಿನ ಹಳೆಯ ದಾನಶಾಸನಗಳಲ್ಲಿ ಅರಸರು ಅಗ್ರಹಾರಕ್ಕೋ ದೇವಾಲಯಕ್ಕೋ ಊರನ್ನು ಬಿಟ್ಟುಕೊಡುವಾಗ ನಿಧಿ, ನಿಕ್ಷೇಪಗಳ ಜೊತೆಗೆ ದಂಡದಿಂದ ಬರುವ ಆದಾಯವನ್ನೂ ಬಿಟ್ಟುಕೊಟ್ಟಿರುವುದುಂಟು. ಬ್ರಿಟಿಷರ ಕಾಲದಲ್ಲಿ ದಾರಿ ಬದಲಾಯಿತು. 1861ರ ಪೊಲೀಸ್ ಕಾಯಿದೆಯ ಪ್ರಕಾರ ವಾರಸುದಾರರಿಲ್ಲದ ವಸ್ತುವಿನ ಬಗ್ಗೆ ಪ್ರಕಟಣೆ ಹೊರಡಿಸಿ, ಆರು ತಿಂಗಳೊಳಗೆ ಯಾರೂ ಕೇಳದಿದ್ದರೆ ಅದು ಸರಕಾರದ ಪಾಲು. ಅದೇ ಬ್ರಿಟಿಷರ ಸ್ವಂತ ನಾಡಿನಲ್ಲಾದರೋ, 1897ರ ಪೊಲೀಸ್ ಸ್ವತ್ತಿನ ಕಾಯಿದೆಯಡಿ ಇಂಥ ವಸ್ತುಗಳನ್ನು ಮಾರಿ ಬಂದ ಹಣದಲ್ಲಿ ಧರ್ಮಕಾರ್ಯಗಳಿಗೆ ಕೊಡುವ ಪದ್ಧತಿ ಬೆಳೆಯಿತು.

ಇನ್ನು ನಾವಿರುವ ವರ್ಜೀನಿಯಾಕ್ಕೆ ಬರೋಣ. ಇಲ್ಲಿನ ಕಥೆಯ ಎಳೆಯೊಂದು ನಮ್ಮ ಆಲ್ಡಿಯಲ್ಲೇ ಇದೆ. ರೂಟ್ 50ರಲ್ಲಿ ಪಶ್ಚಿಮಕ್ಕೆ ಹೋಗುವವರೆಲ್ಲ ಅವಳಿ ನೀರುಚಕ್ರಗಳ ಹಳೆಯ ಇಟ್ಟಿಗೆಯ ಗಿರಣಿಯನ್ನು ನೋಡಿರುತ್ತಾರೆ. 1807-1809ರಲ್ಲಿ ಅದನ್ನು ಕಟ್ಟಿಸಿದವನು ಚಾರ್ಲ್ಸ್ ಫೆಂಟನ್ ಮರ್ಸರ್. ಸ್ಕಾಟ್ಲೆಂಡಿನಲ್ಲಿ ತನ್ನ ಪೂರ್ವಜರಿದ್ದ ಆಲ್ಡಿ ಕೋಟೆಯ ಹೆಸರನ್ನೇ ಈ ಊರಿಗೂ ಇಟ್ಟ. ಅವನು 1810ರಿಂದ 1817ರವರೆಗೆ ರಾಜ್ಯದ ಶಾಸನಸಭೆಯಲ್ಲಿದ್ದ.

ಅದೇ 1810ರಲ್ಲಿ ವರ್ಜೀನಿಯಾ ಶಾಸನಸಭೆ 'ಲಿಟರರಿ ಫಂಡ್' ಸ್ಥಾಪಿಸಿತು. ಕನ್ನಡದಲ್ಲಿ ವಿದ್ಯಾನಿಧಿ ಎನ್ನಬಹುದು. ಸರಕಾರಕ್ಕೆ ಬರುವ ದಂಡ, ಮುಟ್ಟುಗೋಲಿನ ಸ್ವತ್ತು, ವಾರಸುದಾರರಿಲ್ಲದ ಆಸ್ತಿ ಇವೆಲ್ಲ ವಿದ್ಯೆಯ ಪ್ರೋತ್ಸಾಹಕ್ಕೇ ಮೀಸಲು ಎಂಬುದು ಅದರ ಸಂಕಲ್ಪ. 1812ರ ಯುದ್ಧದ ಬಾಬ್ತು ಕೇಂದ್ರ ಸರಕಾರದಿಂದ ರಾಜ್ಯಕ್ಕೆ ಬರಬೇಕಿದ್ದ ಬಾಕಿಯನ್ನು 1816ರಲ್ಲಿ ಈ ನಿಧಿಗೆ ಸೇರಿಸುವುದರಲ್ಲಿ ಮರ್ಸರನ ಪಾತ್ರ ದೊಡ್ಡದು. ಮರುವರ್ಷ ರಾಜ್ಯದ ಉದ್ದಗಲಕ್ಕೂ ಪ್ರಾಥಮಿಕ ಶಾಲೆಗಳನ್ನು ತೆರೆಯುವ ಅವನ ಮಸೂದೆ ಸೆನೆಟ್ಟಿನಲ್ಲಿ ಬಿದ್ದುಹೋಯಿತು. 1818ರ ಕಾಯಿದೆಯಲ್ಲಿ ಬಡಮಕ್ಕಳ ಓದಿಗೆ ವರ್ಷಕ್ಕೆ 45,000 ಡಾಲರ್, ವಿಶ್ವವಿದ್ಯಾಲಯಕ್ಕೆ 15,000 ಡಾಲರ್ ನಿಗದಿಯಾಯಿತು.

ಇಷ್ಟೆಲ್ಲ ಹೇಳಿ ಒಂದು ಮಾತನ್ನು ಬಿಟ್ಟರೆ ಅಪಚಾರವಾದೀತು. ಆ ವಿದ್ಯೆ ಬಿಳಿಯರ ಮಕ್ಕಳಿಗೆ ಮಾತ್ರ. ಕರಿಯರನ್ನು ಓದು ಬರಹ ಕಲಿಸಲು ಒಟ್ಟುಗೂಡಿಸುವುದನ್ನೇ 1831ರ ಕಾಯಿದೆ ನಿಷೇಧಿಸಿತು. ನಮ್ಮ ಲೌಡನ್ ಕೌಂಟಿಯ ಶಾಲೆಗಳಲ್ಲಿ ವರ್ಣಭೇದ ಪೂರ್ತಿ ಕೊನೆಗೊಂಡದ್ದು 1968ರಲ್ಲಿ. ದಂಡ ಎಲ್ಲರಿಂದ, ವಿದ್ಯೆ ಕೆಲವರಿಗೆ ಎಂಬ ಅನ್ಯಾಯ ಅಷ್ಟು ದೀರ್ಘಕಾಲ ನಡೆಯಿತು.

ವಿದ್ಯಾನಿಧಿ ಇಂದಿಗೂ ರಾಜ್ಯ ಸಂವಿಧಾನದ ಎಂಟನೆಯ ವಿಧಿಯಲ್ಲಿದೆ. ಊರಿನಿಂದ ಬರುವ ನೆಂಟರನ್ನು ಕರೆತರಲು ಡಲ್ಲೆಸ್ ವಿಮಾನ ನಿಲ್ದಾಣಕ್ಕೆ ಅವಸರವಾಗಿ ಕಾರು ಓಡಿಸಿ, ರಾಜ್ಯದ ಕಾಯಿದೆಯಡಿ ದಂಡ ತೆತ್ತ ನಮ್ಮ ಸದಸ್ಯರು ಸಮಾಧಾನ ಪಟ್ಟುಕೊಳ್ಳಬಹುದು. ಅದು ಸೇರುವುದು ಶಾಲೆಗಳ ನಿಧಿಯನ್ನೇ!

ಆದರೆ ಮಾದಕ ವಸ್ತುಗಳ ಕಾಲ ಬಂದಾಗ ಪ್ರವಾಹ ತಿರುಗಿತು. ಕೇಂದ್ರ ಸರಕಾರ 1984ರ ಕಾಯಿದೆಯಿಂದ ಮುಟ್ಟುಗೋಲಿನ ಹಣದಲ್ಲಿ ಸ್ಥಳೀಯ ಪೊಲೀಸರಿಗೂ ಪಾಲು ಕೊಡತೊಡಗಿತು. 1990ರ ನವೆಂಬರಿನಲ್ಲಿ ವರ್ಜೀನಿಯಾದ ಮತದಾರರು ಸಂವಿಧಾನ ತಿದ್ದುಪಡಿಗೆ ಒಪ್ಪಿದರು. ಮಾದಕ ವಸ್ತುಗಳ ಅಪರಾಧದಲ್ಲಿ ವಶವಾದ ಸ್ವತ್ತಿನ ಹಣವನ್ನು ವಿದ್ಯಾನಿಧಿಗೆ ಬದಲಾಗಿ ಕಾನೂನು ಪಾಲನೆಗೆ ಕೊಡಲು ದಾರಿಯಾಯಿತು. ಶಾಲೆಯ ಪಾಲಿನದೊಂದು ಭಾಗ ಠಾಣೆಯ ಪಾಲಾಯಿತು.

ಸಂಘ ಸಂಸ್ಥೆಗಳಿಗೆ ಸಿಗುವ ನೆರವಿನ ಒಂದು ಮೂಲ ಈ ಕೇಂದ್ರದ ಪಾಲು. ಕೇಂದ್ರ ನ್ಯಾಯ ಇಲಾಖೆಯ 2018ರ ಮಾರ್ಗದರ್ಶಿಯಂತೆ ಒಂದು ಇಲಾಖೆ ವರ್ಷಕ್ಕೆ 25,000 ಡಾಲರಿನವರೆಗೆ ಸಮುದಾಯದ ಕಾರ್ಯಕ್ರಮಗಳಿಗೆ ಬಳಸಬಹುದು. ಅದೂ ಮಾದಕ ವಸ್ತು ವಿರೋಧಿ ಶಿಕ್ಷಣ, ಉದ್ಯೋಗ ತರಬೇತಿಯಂಥ ಕೆಲಸಗಳಿಗೆ. ನಗದು ದೇಣಿಗೆ ಸಾಮಾನ್ಯವಾಗಿ ಸಲ್ಲದು. ಕೇಂದ್ರದ ಸಿವಿಲ್ ಕ್ರಮದಲ್ಲಿ ಮಾಲೀಕನ ಅಪರಾಧ ಸಾಬೀತಾಗದೆಯೂ ಸ್ವತ್ತು ಮುಟ್ಟುಗೋಲಾಗಬಹುದು. ಅಂದಮೇಲೆ ಆ ಡಾಲರುಗಳಲ್ಲಿ ಕಳ್ಳನ ಹಣವೂ ಇರಬಹುದು, ನಿರಪರಾಧಿಯ ಹಣವೂ ಇರಬಹುದು.

ಇದನ್ನೆಲ್ಲ ತಿಳಿದ ಮೇಲೆ ನಾವು ಬಂದ ತೀರ್ಮಾನ ಇಷ್ಟು. ಹಬ್ಬದೂಟಕ್ಕೂ ಸಂಗೀತ ಕಛೇರಿಗೂ ಈ ಹಣ ಬೇಡ. ಅದು ನಮ್ಮ ಜೇಬಿನಿಂದಲೇ ಬರಲಿ. ನಮ್ಮ ಹದಿಹರೆಯದ ಮಕ್ಕಳಿಗೆ ಮಾದಕ ವಸ್ತುಗಳ ಅರಿವು ಮೂಡಿಸುವ ಶಿಬಿರಕ್ಕಾದರೆ ಕೇಳೋಣ, ಲೆಕ್ಕವನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕೋಣ. ನೆರವು ಪಡೆದೆವೆಂಬ ದಾಕ್ಷಿಣ್ಯಕ್ಕೆ, ನಾಳೆ ಅದೇ ಇಲಾಖೆ ತಪ್ಪು ಮಾಡಿದಾಗ ಬಾಯಿ ಮುಚ್ಚಿ ಕೂರುವುದು ಮಾತ್ರ ಬೇಡ. ಮುಂದಿನ ಸಲ ಆಲ್ಡಿಯ ಗಿರಣಿಯ ಮುಂದೆ ಹಾದುಹೋಗುವಾಗ ಮಕ್ಕಳಿಗೆ ಈ ಕಥೆ ಹೇಳಿ. ತಪ್ಪಿತಸ್ಥರು ತೆತ್ತ ದಂಡದಲ್ಲಿ ಬಡಮಕ್ಕಳು ಅಕ್ಷರ ಕಲಿಯಲೆಂದು ದುಡಿದವನೊಬ್ಬ ಈ ಊರಿನವನು ಎಂಬುದು ಅವರಿಗೂ ಗೊತ್ತಿರಲಿ.