ಮೆತ್ತಗಾದ ಬ್ರೇಕ್ ಪೆಡಲ್

ಕಾರಿನ ಬ್ರೇಕ್ ಪೆಡಲ್ ತುಳಿದಾಗ ಕಾಲಿಗೆ ಗಟ್ಟಿ ತಡೆ ಸಿಗದೆ, ಸ್ಪಂಜಿನಂತೆ ಕುಸಿಯುವ ದೋಷ. ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಬ್ರೇಕುಗಳಲ್ಲಿ ಮಾತ್ರ ಇದು ಕಾಣಿಸುತ್ತದೆ. ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ದೊಡ್ಡ ಬಸ್ಸು, ಲಾರಿಗಳೂ ಮಾರಿಕುಪ್ಪಂ ರೈಲೂ ನಿಲ್ಲುವುದು ಒತ್ತಿದ ಗಾಳಿಯ ಬಲದಿಂದ. 2001ರಲ್ಲಿ ಮುಚ್ಚುವವರೆಗೆ ಕೆಜಿಎಫ್‌ನ ಚಿನ್ನದ ಗಣಿಯೊಳಗೆ ಬಂಡೆ ಕೊರೆಯುವ ಯಂತ್ರಗಳನ್ನು ಓಡಿಸಿದ್ದೂ ಗಾಳಿಯೇ. ಕಾರಿನ ಬ್ರೇಕ್ ಪೈಪಿನಲ್ಲಿ ಮಾತ್ರ ಗಾಳಿಗೆ ಜಾಗವಿಲ್ಲ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಕಾಲಿನ ಬಲವನ್ನು ಹಾಗೇ ಚಕ್ರಕ್ಕೆ ದಾಟಿಸುತ್ತದೆ. ನಡುವೆ ಗಾಳಿಯ ಗುಳ್ಳೆ ಸೇರಿದರೆ ತುಳಿದ ಬಲವೆಲ್ಲ ಅದನ್ನು ಕುಗ್ಗಿಸುವುದಕ್ಕೇ ಹೋಗುತ್ತದೆ. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ಹೈಡ್ರಾಲಿಕ್ ಬ್ರೇಕ್ ಬಂದ ಕಾಲದಿಂದ ಇಂದಿನವರೆಗೂ ಈ ತೊಂದರೆಯ ಸ್ವರೂಪ ಬದಲಾಗಿಲ್ಲ.

ದೋಷ ಎಲ್ಲಿದೆ ಎಂಬುದನ್ನು ಸ್ಪ್ಯಾನರ್ ಹಿಡಿಯುವ ಮೊದಲೇ, ಕಾರು ನಿಂತಿರುವಾಗ ಕಾಲಿನಿಂದಲೇ ಬಹುಮಟ್ಟಿಗೆ ತಿಳಿಯಬಹುದು. ಎರಡು ಮೂರು ಸಲ ಬೇಗ ಬೇಗ ತುಳಿದಾಗ ಪೆಡಲ್ ಮೇಲೇರಿ ಗಟ್ಟಿಯಾದರೆ ಒಂದೋ ಪೈಪಿನಲ್ಲಿ ಗಾಳಿ ಇದೆ, ಇಲ್ಲವೇ ಹಿಂದಿನ ಡ್ರಮ್ಮಿನಲ್ಲಿ ಶೂಗಳ ಅಂತರ ಹೆಚ್ಚಾಗಿದೆ. ಇವೆರಡನ್ನು ಬೇರ್ಪಡಿಸಲು ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಎಳೆದು ಮತ್ತೆ ತುಳಿಯಬೇಕು. ಆಗ ಪೆಡಲ್ ಎತ್ತರದಲ್ಲೇ ನಿಂತರೆ ಶೂ ಅಡ್ಜಸ್ಟ್ ಮಾಡಿದರೆ ಸಾಕು. ಒಂದೇ ಸಮನೆ ಅರ್ಧ ನಿಮಿಷ ಒತ್ತಿ ಹಿಡಿದಾಗ ಪೆಡಲ್ ನಿಧಾನವಾಗಿ ನೆಲದತ್ತ ಇಳಿದರೆ, ಹೊರಗೆಲ್ಲೂ ಸೋರಿಕೆ ಇಲ್ಲದಿದ್ದಲ್ಲಿ, ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲ್ ಸೋತಿದೆ ಎಂದೇ ಅರ್ಥ. ಪೆಡಲ್ ಮೆತ್ತಗಾಗುವ ಬದಲು ಕಲ್ಲಾಗಿದ್ದರೆ ಬ್ರೇಕ್ ಬೂಸ್ಟರನ್ನು ನೋಡಬೇಕು. ಅದು ಬೇರೆಯೇ ರೋಗ.

ತಂಪಾಗಿರುವಾಗ ಸರಿಯಾಗಿದ್ದು, ಘಾಟಿಯಲ್ಲಿ ಮಾತ್ರ ಮೆತ್ತಗಾಗುವ ಪೆಡಲ್ ಹೆಚ್ಚು ಅಪಾಯಕಾರಿ. ಕೆಜಿಎಫ್, ಬಂಗಾರಪೇಟೆ ಸುತ್ತಲಿನ ರಸ್ತೆಗಳು ಬಹುತೇಕ ಸಮತಟ್ಟು. ಹೀಗಾಗಿ ಹಳೆಯ ಬ್ರೇಕ್ ಆಯಿಲ್‌ನ ದೋಷ ಊರೊಳಗೆ ಗೊತ್ತೇ ಆಗುವುದಿಲ್ಲ. ವಿ.ಕೋಟೆ, ಪಲಮನೇರು ದಾಟಿ ಮೊಗಿಲಿ ಘಾಟಿ ಇಳಿಯುವಾಗ ಅಥವಾ ತಿರುಮಲೆಯಿಂದ ಹಿಂತಿರುಗುವಾಗ ಅದು ಹೊರಬೀಳುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಡಾಟ್ 4ಕ್ಕೆ ಈ ಮಿತಿ 230 ಡಿಗ್ರಿ. ಆದರೆ ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಶೇ. 3.7ರಷ್ಟು ನೀರು ಸೇರಿದಾಗ ಮಿತಿಗಳು ಕ್ರಮವಾಗಿ 140 ಮತ್ತು 155ಕ್ಕೆ ಇಳಿಯುತ್ತವೆ. ಮೇಲಿಂದ ಮೇಲೆ ತುಳಿದು ಬಿಸಿಯಾದ ಬ್ರೇಕಿನಲ್ಲಿ ನೀರು ಆವಿಯಾಗಿ ಗುಳ್ಳೆಗಟ್ಟಿ ಪೆಡಲ್ ಕುಸಿಯುತ್ತದೆ. ತಣ್ಣಗಾದ ಮೇಲೆ ಮತ್ತೆ ಮೊದಲಿನಂತೆ! ಕೋಲಾರ ಒಣ ಸೀಮೆ, ತೇವ ಎಲ್ಲಿಂದ ಬರಬೇಕು ಎಂಬ ವಾದ ಸಲ್ಲದು. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದೇ ಪರಿಹಾರ. ಇಳಿಜಾರಿನಲ್ಲಿ ಕೆಳಗಿನ ಗೇರ್ ಹಾಕಿಕೊಂಡು ಇಳಿಯುವುದು ಮುನ್ನೆಚ್ಚರಿಕೆ.

ವರ್ಕ್‌ಶಾಪುಗಳಲ್ಲಿ ಆಗುವ ದೊಡ್ಡ ತಪ್ಪೆಂದರೆ ಕಾರಣ ಹುಡುಕದೆ ಏರ್ ತೆಗೆದು ಕಳಿಸುವುದು. ಮುಚ್ಚಿದ ಪೈಪಿನೊಳಗೆ ಗಾಳಿ ತಾನಾಗಿ ಹುಟ್ಟುವುದಿಲ್ಲ. ರಿಪೇರಿ ಮಾಡುವಾಗ ಸೇರಿರಬೇಕು, ಟ್ಯಾಂಕಿನಲ್ಲಿ ಆಯಿಲ್ ತೀರಿರಬೇಕು, ಇಲ್ಲವೇ ಎಲ್ಲೋ ಸೋರುತ್ತಿರಬೇಕು. ಆದ್ದರಿಂದ ಟೈರಿನ ಒಳಬದಿ, ಡ್ರಮ್ಮಿನ ವೀಲ್ ಸಿಲಿಂಡರಿನ ರಬ್ಬರ್ ಮುಚ್ಚಳದ ಹಿಂಬದಿ, ಹೋಸ್ ಪೈಪುಗಳ ತುದಿ, ಪೆಡಲ್ ಮೇಲ್ಗಡೆ ಎಲ್ಲವನ್ನೂ ಮೊದಲು ನೋಡಬೇಕು. ಮಾಸ್ಟರ್ ಸಿಲಿಂಡರ್ ಹಿಂಬದಿಯಿಂದ ಸೋರಿದರೆ ಆಯಿಲ್ ಬೂಸ್ಟರಿನೊಳಗೆ ಇಳಿಯುವುದರಿಂದ ನೆಲದ ಮೇಲೆ ಒಂದು ಹನಿಯೂ ಕಾಣದು. ಅದನ್ನು ಬಿಚ್ಚಿಯೇ ನೋಡಬೇಕು. ಹಳೆಯ ಹೋಸುಗಳು ಒತ್ತಡಕ್ಕೆ ಉಬ್ಬಿದರೂ ಪೆಡಲ್ ಮೆತ್ತಗಾಗುತ್ತದೆ; ಒಬ್ಬರು ತುಳಿಯುತ್ತಿರುವಾಗ ಇನ್ನೊಬ್ಬರು ಹೋಸಿನ ಮೇಲೆ ಕೈಯಿಟ್ಟರೆ ಹೆಚ್ಚು ಉಬ್ಬುವುದು ತಿಳಿಯುತ್ತದೆ. ಪ್ಯಾಡ್ ಸವೆದಂತೆಲ್ಲ ಟ್ಯಾಂಕಿನ ಮಟ್ಟ ಸ್ವಲ್ಪ ಇಳಿಯುವುದು ಸಹಜ, ಅದು ಸೋರಿಕೆಯಲ್ಲ.

ಏರ್ ತೆಗೆಯಲು ಇಬ್ಬರು ಬೇಕು. ಟ್ಯಾಂಕಿನ ಮುಚ್ಚಳ ಬಿಚ್ಚುವ ಮುನ್ನ ಸುತ್ತಲೂ ಒರೆಸಬೇಕು. ಕೆಜಿಎಫ್‌ನ ಗಣಿ ತ್ಯಾಜ್ಯದ ಸೈನೈಡ್ ಗುಡ್ಡಗಳ ನುಣ್ಣನೆಯ ಪುಡಿ ಗಾಳಿಯ ಕಾಲದಲ್ಲಿ ಬಾನೆಟ್ಟಿನೊಳಗೂ ಕೂರುತ್ತದೆ. ಬ್ಲೀಡಿಂಗ್ ನಿಪ್ಪಲ್‌ಗೆ ಪಾರದರ್ಶಕ ಪೈಪು ತೊಡಿಸಿ, ಅದರ ಇನ್ನೊಂದು ತುದಿಯನ್ನು ಬಾಟಲಿಯಲ್ಲಿರುವ ಆಯಿಲ್‌ನಲ್ಲಿ ಮುಳುಗಿಸಬೇಕು. ಒಳಗಿರುವವರು ಪೆಡಲ್ ಒತ್ತಿ ಹಿಡಿದಾಗ ನಿಪ್ಪಲ್ ಸಡಿಲಿಸಿ, ಪೆಡಲ್ ಬಿಡುವ ಮೊದಲೇ ಬಿಗಿಯಬೇಕು. ತಡವಾದರೆ ಹೊರಬಂದ ಗಾಳಿ ಮತ್ತೆ ಒಳಗೆ. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ, ಅಂದರೆ ನಮ್ಮ ಬಲಗೈ ಸ್ಟೀರಿಂಗ್ ಕಾರುಗಳಲ್ಲಿ ಎಡ ಹಿಂಚಕ್ರದಿಂದ, ಆರಂಭಿಸುವುದು ರೂಢಿ. ಕೆಲವು ಮಾಡೆಲ್‌ಗಳಲ್ಲಿ ಕ್ರಮ ಬೇರೆ ಇರುವುದರಿಂದ ಕಂಪನಿಯ ಕೈಪಿಡಿಯ ಮಾತೇ ಅಂತಿಮ. ಹಳೆಯ ಕಾರಿನಲ್ಲಿ ಪೆಡಲನ್ನು ಪೂರ್ತಿ ನೆಲಕ್ಕೆ ತುಳಿಯಬಾರದು. ಎಂದೂ ಹೋಗದ ತುಕ್ಕುಹಿಡಿದ ಜಾಗಕ್ಕೆ ಪಿಸ್ಟನ್ ಹೋಗಿ ಒಳ್ಳೆಯ ಸೀಲೂ ಹರಿಯುತ್ತದೆ. ಪೆಡಲ್ ಕೆಳಗೆ ಮರದ ತುಂಡೊಂದು ಇಟ್ಟರೆ ಸಾಕು. ಕ್ಯಾಲಿಪರ್‌ಗಳನ್ನು ಎಡಬಲ ಅದಲು ಬದಲಾಗಿ ಕೂರಿಸಿದ್ದರೆ ನಿಪ್ಪಲ್ ಕೆಳಮುಖವಾಗಿ, ಎಷ್ಟು ಆಯಿಲ್ ಸುರಿದರೂ ಗಾಳಿ ಮೇಲೆಯೇ ಉಳಿಯುತ್ತದೆ. ಎಬಿಎಸ್ ಘಟಕದೊಳಗೆ ಗಾಳಿ ಹೊಕ್ಕರೆ ಅನೇಕ ಕಾರುಗಳಲ್ಲಿ ಸ್ಕ್ಯಾನರ್ ಬೇಕೇ ಬೇಕು.

ಹೊರತೆಗೆದ ಆಯಿಲ್ ಮತ್ತೆ ಬಳಸಬಾರದು. ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರಿನಲ್ಲಿ ತೊಳೆಯಬೇಕು. ಇಂಜಿನ್ ಆಯಿಲ್ ಅಪ್ಪಿತಪ್ಪಿ ಟ್ಯಾಂಕಿಗೆ ಬಿದ್ದರೆ ಸೀಲುಗಳೆಲ್ಲ ಊದಿಕೊಂಡು ಇಡೀ ವ್ಯವಸ್ಥೆಯ ರಬ್ಬರ್ ಬದಲಿಸಬೇಕಾಗುತ್ತದೆ. ಪೆಡಲ್ ನೆಲ ಮುಟ್ಟುತ್ತಿರುವ ಕಾರನ್ನು ವರ್ಕ್‌ಶಾಪ್ ಹತ್ತಿರವೇ ಇದೆ ಎಂದು ಓಡಿಸಿಕೊಂಡು ಹೋಗಬಾರದು, ಹಗ್ಗ ಕಟ್ಟಿಯೂ ಎಳೆಸಬಾರದು. ಬೇರೊಂದು ವಾಹನದ ಮೇಲೆ ಹೇರಿಕೊಂಡೇ ಸಾಗಿಸಬೇಕು.