ಗಿರಕಿಯ ಮರೆವು, ಗಿರಕಿಯ ನೆನಪು

1949ರ ಜುಲೈ ತಿಂಗಳು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಪ್ರಯೋಗಾಲಯದಲ್ಲಿ ಎರ್ವಿನ್ ಹಾನ್ ಎಂಬ ಇಪ್ಪತ್ತೆಂಟರ ತರುಣ ವಿಜ್ಞಾನಿ ಆಸಿಲೋಸ್ಕೋಪಿನ ಪರದೆಯನ್ನು ನೋಡುತ್ತ ಕುಳಿತಿದ್ದರು. ಅಯಸ್ಕಾಂತದ ಎರಡು ಧ್ರುವಗಳ ನಡುವೆ ಸ್ವಲ್ಪ ಗ್ಲಿಸರಿನ್. ಅದಕ್ಕೆ ರೇಡಿಯೋ ತರಂಗಗಳ ಚುಟುಕು ಹೊಡೆತಗಳನ್ನು ಕೊಡುವುದು, ಪ್ರತಿ ಹೊಡೆತದ ನಂತರ ದ್ರವದಿಂದ ಹೊಮ್ಮುವ ಕ್ಷೀಣ ಸಂಕೇತವನ್ನು ಪರದೆಯ ಮೇಲೆ ಅಳೆಯುವುದು, ಇದು ಕೆಲಸ. ಸಂಕೇತ ಏಳುತ್ತಿತ್ತು, ಕುಗ್ಗುತ್ತಿತ್ತು, ಅಡಗುತ್ತಿತ್ತು. ಆದರೆ ಒಂದು ದಿನ, ಹೊಡೆತವೇ ಇಲ್ಲದ ಹೊತ್ತಿನಲ್ಲಿ, ಪರದೆಯ ಮೇಲೆ ಕರೆಯದೆ ಬಂದ ಅತಿಥಿಯಂತೆ ಒಂದು ಉಬ್ಬು ಎದ್ದಿತು.

ಉಪಕರಣದ ತಂಟೆ ಇರಬೇಕು ಎಂದುಕೊಂಡ ಹಾನ್ ಅದಕ್ಕೊಂದು ಒದೆ ಕೊಟ್ಟು ಸುಮ್ಮನಾದರು. ಇದನ್ನು ಮುಂದೆ ಅವರೇ ಹೇಳಿಕೊಂಡಿದ್ದಾರೆ. ವಾರದ ನಂತರ ಉಬ್ಬು ಮರಳಿ ಬಂತು. ಈ ಸಲ ಅವರು ಒದೆಯಲಿಲ್ಲ, ಕುಳಿತು ಲೆಕ್ಕ ಹಾಕಿದರು. ಮೊದಲ ಹೊಡೆತಕ್ಕೂ ಎರಡನೆಯದಕ್ಕೂ ನಡುವೆ ಎಷ್ಟು ಹೊತ್ತು ಇತ್ತೋ, ಎರಡನೆಯ ಹೊಡೆತದಿಂದ ಸರಿಯಾಗಿ ಅಷ್ಟೇ ಹೊತ್ತಿಗೆ ಆ ಉಬ್ಬು ಕಾಣಿಸುತ್ತಿತ್ತು. ಬೆಟ್ಟದ ಎದುರು ನಿಂತು ಕೂಗಿದರೆ ದನಿ ಮರಳಿ ಬರುವುದುಂಟು. ಇಲ್ಲಿ ಬೆಟ್ಟವೂ ಇಲ್ಲ, ಗೋಡೆಯೂ ಇಲ್ಲ. ಆದರೂ 1950ರಲ್ಲಿ ಪ್ರಕಟವಾದ ತಮ್ಮ ಲೇಖನದಲ್ಲಿ ಹಾನ್ ಅದಕ್ಕೆ ಇಟ್ಟ ಹೆಸರು ‘ಗಿರಕಿಯ ಮಾರ್ದನಿ’, ಸ್ಪಿನ್ ಎಕೋ.

ಗಿರಕಿ ಎಂದರೇನು? ಜಲಜನಕದ ಪರಮಾಣುವಿನ ನಡುವಿನ ಬೀಜ ಒಂದು ಪುಟ್ಟ ಅಯಸ್ಕಾಂತದಂತೆ, ಜೊತೆಗೆ ಸುತ್ತುವ ಬುಗುರಿಯಂತೆ ವರ್ತಿಸುತ್ತದೆ. ನಿಜಕ್ಕೂ ಅದು ಬುಗುರಿಯಂತೆ ಸುತ್ತುತ್ತಿದೆ ಎನ್ನುವಂತಿಲ್ಲ. ಗಿರಕಿ ಎಂಬುದು ಅನುಕೂಲಕ್ಕೆ ಬಂದು ನೆಲೆನಿಂತ ಮಾತು. ವಾಲಿದ ಬುಗುರಿ ಕೂಡಲೇ ನೆಲಕ್ಕೆ ಬೀಳದೆ ತಲೆ ತೂಗುತ್ತ ಸುತ್ತುವುದನ್ನು ಎಲ್ಲರೂ ಕಂಡಿರುತ್ತಾರೆ. ಕಾಂತಕ್ಷೇತ್ರದಲ್ಲಿಟ್ಟ ಬೀಜವೂ ಹಾಗೆಯೇ ತೂಗುತ್ತದೆ. ವೇಗ ಮಾತ್ರ ಊಹೆಗೆ ನಿಲುಕದ್ದು. ಒಂದು ಟೆಸ್ಲಾ ಬಲದ ಕ್ಷೇತ್ರದಲ್ಲಿ ಸೆಕೆಂಡಿಗೆ ಸುಮಾರು 4 ಕೋಟಿ 26 ಲಕ್ಷ ಸುತ್ತು! ಅದೇ ವೇಗದ ರೇಡಿಯೋ ತರಂಗವನ್ನು ಹಾಯಿಸಿದರೆ ಬೀಜಗಳು ಅದಕ್ಕೆ ಓಗೊಡುತ್ತವೆ. ದ್ರವ, ಘನ ವಸ್ತುಗಳಲ್ಲಿ ಇದನ್ನು ಮೊದಲು ತೋರಿಸಿದವರು ಹಾರ್ವರ್ಡ್‌ನಲ್ಲಿ ಎಡ್ವರ್ಡ್ ಪರ್ಸೆಲ್ ಮತ್ತು ಸಂಗಡಿಗರು, ಸ್ಟ್ಯಾನ್‌ಫರ್ಡ್‌ನಲ್ಲಿ ಫೆಲಿಕ್ಸ್ ಬ್ಲಾಖ್ ಮತ್ತು ಸಂಗಡಿಗರು. ಒಂದು ಗುಂಪು ಮೇಣದಲ್ಲಿ ನೋಡಿತು, ಇನ್ನೊಂದು ನೀರಿನಲ್ಲಿ. ಎರಡೂ ವರದಿಗಳು 1946ರಲ್ಲಿ ಹೊರಬಂದವು. 1952ರ ನೊಬೆಲ್ ಬಹುಮಾನ ಇಬ್ಬರು ನಾಯಕರಿಗೂ ಹಂಚಿಕೆಯಾಯಿತು.

ಹೊಡೆತ ನಿಂತ ಮೇಲೆ ಸಂಕೇತ ಬೇಗನೆ ಅಡಗಿಹೋಗುವುದೇಕೆ? ಬೀಜಗಳು ತಾವು ಕಲಿತದ್ದನ್ನು ಸುತ್ತಲಿನ ಅಣುಗಳ ಗದ್ದಲದಲ್ಲಿ ಮರೆತುಬಿಡುತ್ತವೆ ಎಂದು ಹೇಳಿಬಿಡಬಹುದಿತ್ತು. ಹಾನ್ ಕಂಡ ಉಬ್ಬು ಆ ಉತ್ತರ ಅರ್ಧ ಮಾತ್ರ ನಿಜ ಎಂದು ತೋರಿಸಿತು. ಅದನ್ನು ವಿವರಿಸಲು ಅವರೇ ಬಳಸಿದ ಚಿತ್ರ ಓಟದ ಮೈದಾನದ್ದು. 1953ರ ನವೆಂಬರ್‌ನ ‘ಫಿಸಿಕ್ಸ್ ಟುಡೆ’ ಪತ್ರಿಕೆಯ ಮುಖಪುಟದಲ್ಲೂ ಓಟಗಾರರೇ ಇದ್ದರು. ಹತ್ತು ಮಂದಿ ಒಂದೇ ಗೆರೆಯಿಂದ ಓಟ ಶುರುಮಾಡುತ್ತಾರೆ. ಒಬ್ಬ ಚುರುಕು, ಇನ್ನೊಬ್ಬ ನಿಧಾನ. ಸ್ವಲ್ಪ ಹೊತ್ತಿನಲ್ಲಿ ಮೈದಾನದ ತುಂಬ ಚದುರಿಹೋಗುತ್ತಾರೆ. ಆಗ ನೋಡಲು ಬಂದವನಿಗೆ ಇವರೆಲ್ಲ ಒಂದೇ ಗೆರೆಯಿಂದ ಹೊರಟವರೆಂದು ಗೊತ್ತಾಗದು. ಅಷ್ಟರಲ್ಲಿ ಶಿಳ್ಳೆ ಊದಿ ‘ಹಿಂದಕ್ಕೆ ತಿರುಗಿ’ ಎಂದರೆ? ಮುಂದೆ ಹೋದವನಿಗೆ ದೂರ ಹೆಚ್ಚು, ಆದರೆ ಅವನ ವೇಗವೂ ಹೆಚ್ಚು. ಎಲ್ಲರೂ ಒಟ್ಟಿಗೇ ಗೆರೆಗೆ ಬಂದು ಸೇರುತ್ತಾರೆ. ಎರಡನೆಯ ರೇಡಿಯೋ ಹೊಡೆತವೇ ಆ ಶಿಳ್ಳೆ, ಎಲ್ಲರೂ ಗೆರೆ ಸೇರುವ ಕ್ಷಣವೇ ಮಾರ್ದನಿ. ಅಯಸ್ಕಾಂತದ ಬಲ ಎಲ್ಲ ಕಡೆಯೂ ತುಸುವೂ ಹೆಚ್ಚುಕಡಿಮೆಯಿಲ್ಲದೆ ಇರುವುದಿಲ್ಲವಾದ್ದರಿಂದ ಬೀಜಗಳಲ್ಲಿ ಚುರುಕಿನವೂ ನಿಧಾನದವೂ ಇರುತ್ತವೆ. ನೆನಪು ಅಳಿದಿರಲಿಲ್ಲ, ಚದುರಿತ್ತು ಅಷ್ಟೆ.

ಇದು ಹಳೆಯ ಜಗಳವೊಂದನ್ನು ಕೆದಕುವ ಸಂಗತಿ. 1876ರಲ್ಲಿ ವಿಯೆನ್ನಾದ ಯೋಹಾನ್ ಲೋಶ್ಮಿಟ್ ತಮ್ಮ ಕಿರಿಯ ಗೆಳೆಯ ಲುಡ್ವಿಗ್ ಬೋಲ್ಟ್ಸ್‌ಮನ್ ಅವರನ್ನು ಕೆಣಕಿದ್ದರು. ಅಣುಗಳ ಚಲನೆಯ ನಿಯಮಗಳು ಹಿಂದುಮುಂದಾದರೂ ಬದಲಾಗುವುದಿಲ್ಲವಾದರೆ, ಎಲ್ಲ ಅಣುಗಳ ವೇಗವನ್ನೂ ಒಮ್ಮೆಗೇ ತಿರುಗಿಸಿದಾಗ ಅವ್ಯವಸ್ಥೆಯೂ ವ್ಯವಸ್ಥೆಯ ಕಡೆಗೆ ಮರಳಬೇಕಲ್ಲವೇ? ಅದು ಬರೀ ವಾದವಾಗಿ ಉಳಿದಿತ್ತು. ಮುಕ್ಕಾಲು ಶತಮಾನದ ಬಳಿಕ ಗ್ಲಿಸರಿನ್‌ನ ಬೀಜಗಳು, ತಮ್ಮ ಮಟ್ಟಿಗೆ, ತಿರುಗಿ ಬಂದು ತೋರಿಸಿದವು.

ಪೂರ್ತಿಯಾಗಿ ಅಲ್ಲ. ಎರಡು ಹೊಡೆತಗಳ ನಡುವಿನ ಹೊತ್ತನ್ನು ಹೆಚ್ಚಿಸುತ್ತ ಹೋದಂತೆ ಮಾರ್ದನಿ ಕುಗ್ಗುತ್ತಿತ್ತು. ಓಡುತ್ತ ಓಡುತ್ತ ಯಾರನ್ನೋ ಡಿಕ್ಕಿ ಹೊಡೆದು ವೇಗ ಬದಲಾದವನು ಶಿಳ್ಳೆ ಊದಿದರೂ ಸರಿಯಾದ ಹೊತ್ತಿಗೆ ಗೆರೆಗೆ ಬರಲಾರ. ಹೀಗೆ ಎರಡು ಬಗೆಯ ಮರೆವುಗಳು ಬೇರೆಯಾದವು: ಕರೆದರೆ ಮರಳುವುದು ಒಂದು, ಸುತ್ತಣ ಗದ್ದಲಕ್ಕೆ ಸೋರಿಹೋಗುವುದು ಇನ್ನೊಂದು. ಎರಡನೆಯದರ ಅವಧಿಗೆ ಟಿ-2 ಎಂದು ಹೆಸರು. ಆಸ್ಪತ್ರೆಯಲ್ಲಿ ಎಂ.ಆರ್.ಐ. ಮಾಡಿಸಿಕೊಂಡವರು ವರದಿಯಲ್ಲಿ ಈ ಅಕ್ಷರವನ್ನು ಕಂಡಿರಬಹುದು. ಊತವಿರುವ ಭಾಗದ ನೀರಿನಲ್ಲಿ ಟಿ-2 ಹೆಚ್ಚು, ಚಿತ್ರದಲ್ಲಿ ಅದು ಬೆಳ್ಳಗೆ ಕಾಣುತ್ತದೆ. ಆ ಚಿತ್ರಗಳಿಗೆ ಇಂದಿಗೂ ಹಾನ್ ಮಾರ್ದನಿಯೇ ಆಸರೆ. ಚಿತ್ರ ತೆಗೆಯುವ ಗಣಿತವಿಧಾನದಲ್ಲಿ ಬೆಂಗಳೂರಿಗೂ ಪಾಲುಂಟು. 1975ರಲ್ಲಿ ಜೂರಿಚ್‌ನಲ್ಲಿ ರಿಚರ್ಡ್ ಅರ್ನ್‌ಸ್ಟ್ ಅವರೊಡನೆ ಅದರ ಮುಖ್ಯ ಲೇಖನ ಬರೆದ ಅನಿಲ್ ಕುಮಾರ್ ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ದುಡಿದವರು.

ನೆನಪು ಉಳಿಯುವುದಾದರೆ ಅದನ್ನು ಕಂಪ್ಯೂಟರಿಗೆ ಏಕೆ ಬಳಸಬಾರದು? ಐ.ಬಿ.ಎಂ. ಕಂಪನಿಗೆ ಈ ಯೋಚನೆ ಬಂದದ್ದು ಬಹು ಬೇಗ. ಹಾನ್, ರಿಚರ್ಡ್ ಗಾರ್ವಿನ್ ಮೊದಲಾದ ಆರು ಮಂದಿ ದ್ರವದೊಳಗಿನ ಬೀಜಗಳಲ್ಲಿ ಸಾಲು ಸಾಲು ಹೊಡೆತಗಳ ರೂಪದಲ್ಲಿ ಮಾಹಿತಿ ತುಂಬಿ, ಮಾರ್ದನಿಗಳಾಗಿ ಹೊರತೆಗೆದು, 1955ರಲ್ಲಿ ವರದಿ ಮಾಡಿದರು. ಆದರೆ ಸೆಕೆಂಡುಗಳೊಳಗೆ ಮಾಸುವ ನೆನಪನ್ನು ನೆಚ್ಚಿ ಯಾರು ಲೆಕ್ಕ ಇಡುತ್ತಾರೆ? ಕಾಂತೀಯ ಉಂಗುರಗಳ ನೆನಪುಕೋಶ ಗೆದ್ದಿತು. ಗ್ಲಾಸಿನೊಳಗಿನ ಜ್ಞಾಪಕಶಕ್ತಿ ಗ್ರಂಥಾಲಯದ ಕಪಾಟು ಸೇರಿತು.

ಈ ನಡುವೆ ಸಿದ್ಧಾಂತಿಗಳು ಸೋರಿಕೆಯ ಲೆಕ್ಕವನ್ನು ಕಟ್ಟುತ್ತಿದ್ದರು. ಸುತ್ತಣ ಜಗತ್ತಿನೊಡನೆ ಕೊಡುಕೊಳ್ಳುವಿಕೆ ಇರುವ ಗಿರಕಿಗೆ ಅವರ ಭಾಷೆಯಲ್ಲಿ ‘ತೆರೆದ ವ್ಯವಸ್ಥೆ’ ಎಂದು ಹೆಸರು, ಸುತ್ತಣ ಜಗತ್ತಿಗೆ ‘ಪರಿಸರ’ ಎಂದು. ಕಾಡು, ಹೊಳೆಗಳ ಪರಿಸರವಲ್ಲ, ಒಂದು ಗಿರಕಿಯನ್ನು ಬಿಟ್ಟು ಉಳಿದುದೆಲ್ಲ. ಲೆಕ್ಕ ಸುಲಭವಾಗಬೇಕಾದರೆ ಪರಿಸರಕ್ಕೆ ಮರೆವು ಇರಬೇಕು. ಕೊಟ್ಟದ್ದನ್ನು ನುಂಗಿ ಮರುಕ್ಷಣ ಏನೂ ಆಗದಂತೆ ಇರಬೇಕು. ಇಂಥ ಮರೆಗುಳಿ ನಡೆಗೆ ರಷ್ಯದ ಗಣಿತಜ್ಞ ಆಂದ್ರೇ ಮಾರ್ಕೋವ್ ಅವರ ಹೆಸರು ಅಂಟಿಕೊಂಡಿದೆ. ಅವರು 1913ರಲ್ಲಿ ಪುಷ್ಕಿನ್ನರ ‘ಯೆವ್ಗೆನಿ ಒನೆಗಿನ್’ ಕಾವ್ಯದ 20,000 ಅಕ್ಷರಗಳನ್ನು ಎಣಿಸಿ, ಮುಂದಿನ ಅಕ್ಷರ ಸ್ವರವೋ ವ್ಯಂಜನವೋ ಎಂಬುದು ಹಿಂದಿನದನ್ನು ಹೇಗೆ ಅವಲಂಬಿಸುತ್ತದೆಂದು ಲೆಕ್ಕ ಹಾಕಿದ್ದರು. ಕಾವ್ಯ ಓದುವ ಕ್ರಮ ಇದಲ್ಲ, ನಿಜ. ಆದರೆ ‘ಈಗಿನದು ಗೊತ್ತಿದ್ದರೆ ಸಾಕು, ಅದರ ಹಿಂದಿನ ಕಥೆ ಬೇಡ’ ಎನ್ನುವ ಗಣಿತ ಬೆಳೆದದ್ದು ಅವರಿಂದ.

ತೆರೆದ ಕ್ವಾಂಟಂ ವ್ಯವಸ್ಥೆಗಳಿಗೆ ಈ ಗಣಿತವನ್ನು ಬಿಗಿಯಾಗಿ ಹೊಂದಿಸಿದವರಲ್ಲಿ ಕೇರಳದ ಕೋಟ್ಟಯಂ ಕಡೆಯ ಇ.ಸಿ.ಜಿ. ಸುದರ್ಶನ್ ಪ್ರಮುಖರು. 1961ರಲ್ಲೇ ಪಿ.ಎಂ. ಮ್ಯಾಥ್ಯೂಸ್ ಮತ್ತು ಜಯಸೀತಾ ರಾವ್ ಅವರೊಡನೆ ದಾರಿ ತೆರೆದ ಅವರು, 1976ರಲ್ಲಿ ಗೊರಿನಿ, ಕೊಸಕೋವ್‌ಸ್ಕಿ ಅವರ ಜೊತೆಗೂಡಿ ಪೂರ್ಣ ಸಮೀಕರಣ ಕೊಟ್ಟರು. ಅದೇ ವರ್ಷ ಸ್ವೀಡನ್ನಿನ ಯೋರಾನ್ ಲಿಂಡ್‌ಬ್ಲಾಡ್ ಬೇರೆ ದಾರಿಯಿಂದ ಅಲ್ಲಿಗೇ ತಲುಪಿದರು. ಬಹುಕಾಲ ಲಿಂಡ್‌ಬ್ಲಾಡ್ ಹೆಸರೊಂದೇ ಬಳಕೆಯಲ್ಲಿ ಉಳಿದದ್ದು ಅಷ್ಟು ನ್ಯಾಯವಲ್ಲ.

ಮರೆಗುಳಿ ಪರಿಸರ ಎಂಬ ಊಹೆ ದೊಡ್ಡ, ಗಡಿಬಿಡಿಯ ಪರಿಸರಕ್ಕೆ ಸರಿ. ಪರಿಸರ ಚಿಕ್ಕದಿದ್ದರೆ, ನಿಧಾನದ್ದಾದರೆ? ಇದು ಮುಖ್ಯವಾದದ್ದು ಗಿರಕಿಯೇ ಮಾಹಿತಿಯ ವಾಹಕವಾದಾಗ. ಗಿರಕಿ ಮೇಲ್ಮುಖವಾಗಿರಬಹುದು, ಕೆಳಮುಖವಾಗಿರಬಹುದು, ಎರಡರ ಬೆರಕೆಯಲ್ಲೂ ಇರಬಹುದು. ಈ ಬೆರಕೆಯಲ್ಲೇ ಕ್ವಾಂಟಂ ಮಾಹಿತಿ ಇರುವುದು. ಯಾವುದೆಂದು ತಿಳಿಯದ ಬೆರಕೆಯನ್ನು ನಕಲು ಮಾಡಲಾಗದು ಎಂದು 1982ರಲ್ಲಿ ಸಿದ್ಧವಾಗಿತ್ತು. ನಕಲು ಎತ್ತಿಟ್ಟುಕೊಳ್ಳುವ ಉಪಾಯವಿಲ್ಲದ ಮೇಲೆ, ಸೋರಿದ್ದು ಮರಳುತ್ತದೆಯೇ ಇಲ್ಲವೇ ಎಂಬುದು ಸಣ್ಣ ಪ್ರಶ್ನೆಯಲ್ಲ. 2001ರಲ್ಲಿ ಐ.ಬಿ.ಎಂ. ಸಂಶೋಧಕರು ಒಂದು ಅಣುವಿನ ಏಳು ಬೀಜಗಳಿಂದ 15ನ್ನು 3 ಮತ್ತು 5 ಎಂದು ಒಡೆದು ತೋರಿಸಿದಾಗಲೂ ಓಟ ಇದ್ದದ್ದು ಸೋರಿಕೆಯ ವಿರುದ್ಧವೇ.

2003ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸೌಗತೋ ಬೋಸ್ ಒಂದು ಸರಳ ಪ್ರಶ್ನೆ ಎತ್ತಿದರು. ಗಿರಕಿಗಳನ್ನು ಸಾಲಾಗಿ ನಿಲ್ಲಿಸಿ, ಮೊದಲನೆಯದಕ್ಕೆ ಮಾಹಿತಿ ಕೊಟ್ಟು ಸುಮ್ಮನೆ ಕಾದರೆ, ಅದು ತಾನಾಗಿ ಕೊನೆಯದಕ್ಕೆ ತಲುಪುತ್ತದೆಯೇ? ನೆರೆಯವರ ನಡುವಿನ ಸಹಜ ಸೆಳೆತವೇ ತಂತಿಯ ಕೆಲಸ ಮಾಡಬೇಕು. ತಲುಪುತ್ತದೆ, ಆದರೆ ಸಾಲು ಉದ್ದವಾದಂತೆ ಅಲೆ ಹರಡಿ ಮಸುಕಾಗುತ್ತದೆ. ಎಲ್ಲ ಸೆಳೆತಗಳೂ ಸಮನಾಗಿದ್ದರೆ ಎರಡು ಅಥವಾ ಮೂರು ಗಿರಕಿಗಳ ಸಾಲಿನಲ್ಲಿ ಮಾತ್ರ ಚಾಚೂ ತಪ್ಪದೆ ತಲುಪುತ್ತದೆ. ಮರುವರ್ಷ ಕ್ರಿಸ್ಟಾಂಡ್ಲ್, ನೀಲಾಂಜನಾ ದತ್ತ, ಎಕರ್ಟ್ ಮತ್ತು ಲಾಂಡಾಲ್ ಪರಿಹಾರ ಕೊಟ್ಟರು: ಸೆಳೆತ ತುದಿಗಳಲ್ಲಿ ಕಡಿಮೆ, ನಡುವೆ ಹೆಚ್ಚು ಇರಲಿ. ಆಗ ಹರಡಿದ ಅಲೆಯ ಎಲ್ಲ ಭಾಗಗಳೂ ಒಟ್ಟಿಗೇ ಆ ತುದಿ ಸೇರುತ್ತವೆ. ಇನ್ನಷ್ಟೇ ಹೊತ್ತು ಕಾದರೆ ಮತ್ತೆ ಈ ತುದಿಗೆ ಮರಳುತ್ತವೆ. ಹಾನ್ ಓಟಗಾರರು ಇಲ್ಲಿ ಶಿಳ್ಳೆಯಿಲ್ಲದೆ ತಿರುಗುತ್ತಾರೆ.

ಈಗ ಸಾಲನ್ನು ಮರೆಮಾಡಿ ಮೊದಲ ಗಿರಕಿಯನ್ನು ಮಾತ್ರ ನೋಡುವವನಿಗೆ ಕಾಣುವುದೇನು? ಅದರ ನೆನಪು ಅಳಿಯಿತು, ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಮರಳಿತು. ಅವನ ಪಾಲಿಗೆ ಉಳಿದ ಸಾಲೇ ಪರಿಸರ, ಆ ಪರಿಸರ ಮರೆಗುಳಿಯಲ್ಲ. ಇದನ್ನು ಅಳೆಯುವ ಒಂದು ವಿಧಾನವನ್ನು 2009ರಲ್ಲಿ ಬ್ರಾಯರ್, ಲೈನೆ ಮತ್ತು ಪೀಲೊ ಸೂಚಿಸಿದರು. ಒಂದೇ ವ್ಯವಸ್ಥೆಯನ್ನು ಎರಡು ಬೇರೆ ಸ್ಥಿತಿಗಳಿಂದ ಹೊರಡಿಸಿ. ಸೋರಿಕೆ ಹೆಚ್ಚಿದಂತೆ ಎರಡರ ನಡುವಿನ ವ್ಯತ್ಯಾಸ ಮಸುಕಾಗುತ್ತ ಹೋಗಬೇಕು. ಎಲ್ಲಾದರೂ ನಡುವೆ ವ್ಯತ್ಯಾಸ ಮತ್ತೆ ಎದ್ದು ಕಂಡರೆ ಪರಿಸರ ಏನನ್ನೋ ಹಿಂದಿರುಗಿಸಿದೆ ಎಂದರ್ಥ. 2011ರಲ್ಲಿ ಚೀನಾ ಮತ್ತು ಫಿನ್ಲೆಂಡಿನ ವಿಜ್ಞಾನಿಗಳು ಬೆಳಕಿನ ಕಣಗಳಲ್ಲಿ ಮರೆಗುಳಿ ಪರಿಸರವನ್ನು ನೆನಪುಳ್ಳದ್ದಾಗಿ, ನೆನಪುಳ್ಳದ್ದನ್ನು ಮರೆಗುಳಿಯಾಗಿ ಬೇಕೆಂದಂತೆ ಮಾರ್ಪಡಿಸಿ ತೋರಿಸಿದರು.

ಈ ಎಲ್ಲ ಲೆಕ್ಕಗಳ ಕೆಳಗೆ ಒಂದು ಮೌನ ಒಪ್ಪಂದವಿದೆ. ಆರಂಭದ ಕ್ಷಣದಲ್ಲಿ ಗಿರಕಿಗೂ ಪರಿಸರಕ್ಕೂ ಪರಿಚಯವೇ ಇರಲಿಲ್ಲ ಎಂಬುದು ಅದು. ಪ್ರಯೋಗಾಲಯದಲ್ಲಿ ಅಂಥ ಕ್ಷಣ ಎಲ್ಲಿ ಸಿಗುತ್ತದೆ? ಟೆಕ್ಸಾಸಿನಲ್ಲಿದ್ದ ಸುದರ್ಶನ್ ತಮ್ಮ ಎಪ್ಪತ್ತರ ವಯಸ್ಸಿನಲ್ಲಿ, 2004ರಲ್ಲಿ, ಜೋರ್ಡನ್ ಮತ್ತು ಶಾಜಿ ಅವರೊಡನೆ ಈ ಒಪ್ಪಂದವನ್ನು ಪ್ರಶ್ನಿಸಿದರು. ಇಬ್ಬರೂ ಮೊದಲೇ ಹೆಣೆದುಕೊಂಡಿದ್ದರೆ, 1976ರ ಸಮೀಕರಣ ನಿಂತಿದ್ದ ನಿಯಮವೇ ಸಡಿಲವಾಗುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಎ.ಆರ್. ಉಷಾದೇವಿ, ಕುವೆಂಪು ವಿಶ್ವವಿದ್ಯಾಲಯದ ಸುಧಾ ಮತ್ತು ಎ.ಕೆ. ರಾಜಗೋಪಾಲ್ 2011ರ ತಮ್ಮ ಲೇಖನದಲ್ಲಿ ಹಿಡಿದದ್ದು ಇದೇ ಎಳೆಯನ್ನು: ಮೊದಲಿನಿಂದಲೇ ಇದ್ದ ನಂಟು ಮತ್ತು ಮುಂದೆ ಕಾಣುವ ನೆನಪು, ಇವೆರಡಕ್ಕೂ ಏನು ಸಂಬಂಧ? ಹಾನ್ 2016ರಲ್ಲಿ ತೀರಿಕೊಂಡರು, ಸುದರ್ಶನ್ 2018ರಲ್ಲಿ. ಆ ಪ್ರಶ್ನೆಯ ಮೇಲೆ ಕೆಲಸ ಇನ್ನೂ ನಡೆದಿದೆ.